ಹೆಸರಿಲ್ಲದ ಸಾಲುಗಳು: ಕಡಿಮೆ ಬಜೆಟ್ಟಿನ ಗೇಮಿಂಗ್ ಕಂಪ್ಯೂಟರ್ ಕೊಂಡ ನನ್ನ ಅನುಭವ

2023ರ ದೀಪಾವಳಿಗೆ ಸ್ವಲ್ಪ ಮುಂಚೆ ಅಕ್ಕ ಫೋನ್ ಮಾಡಿದಳು. ಡಿಪ್ಲೊಮಾ ಸೇರಿದ ದಿನದಿಂದ ಮಗ ಗೇಮಿಂಗ್ ಕಂಪ್ಯೂಟರ್ ಬೇಕೆಂದು ಪಟ್ಟು ಹಿಡಿದಿದ್ದಾನೆ, ಮಾನಿಟರೂ ಸೇರಿ ಅರವತ್ತೈದು ಸಾವಿರದ ಮೇಲೆ ಒಂದು ರೂಪಾಯಿ ಕೊಡಲಾರೆ, ನೀನೇ ಮುಂದೆ ನಿಂತು ಕೊಡಿಸು ಎಂದಳು. ನಾನು ತುಮಕೂರಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನೌಕರ. ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ಕಾಲೇಜಿನ ದಿನಗಳಿಂದ ಅಂಟಿಕೊಂಡ ಹವ್ಯಾಸವಷ್ಟೇ. ಆದರೆ ಈ ಖರೀದಿಯಲ್ಲಿ ಹವ್ಯಾಸಕ್ಕಿಂತ ಹೆಚ್ಚಾಗಿ ನನಗೆ ನೆರವಾದದ್ದು ನೌಕರಿಯ ಅಭ್ಯಾಸ. ವಿವರವಿಲ್ಲದ ಬಾಬ್ತನ್ನು ಕಂಡರೆ ಅಲ್ಲಿ ಪೆನ್ನು ತಾನಾಗಿ ನಿಲ್ಲುತ್ತದೆ.

ಮೊದಲ ಕೊಟೇಶನ್ ಸಿಕ್ಕಿದ್ದು ಒಂದು ಅಂಗಡಿಯ ಚೀಟಿಯ ಮೇಲೆ, ಬಾಲ್‌ಪೆನ್ನಿನಲ್ಲಿ ಬರೆದದ್ದು: ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್, 512 ಎಸ್‌ಎಸ್‌ಡಿ, ಗೇಮಿಂಗ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಪೂರೈಸುವ ಡಬ್ಬ), ಆರ್‌ಜಿಬಿ ಕ್ಯಾಬಿನೆಟ್, ಒಟ್ಟು 52,000. ಮೇಲ್ನೋಟಕ್ಕೆ ಒಳ್ಳೆಯ ವ್ಯಾಪಾರವೇ. ಆದರೆ ಆ ಚೀಟಿಯಲ್ಲಿ ಒಂದಾದರೂ ಮಾಡೆಲ್ ಸಂಖ್ಯೆ ಇರಲಿಲ್ಲ. ಐ5 ಎಂದರೆ ಯಾವ ತಲೆಮಾರಿನದು, 16 ಜಿಬಿ ಎಂದರೆ ಒಂದೇ ಸ್ಟಿಕ್ಕೋ ಎರಡೋ, ಗ್ರಾಫಿಕ್ಸ್ ಕಾರ್ಡ್ ಹೊಸದೋ ಹಳೆಯದೋ ಎಂದು ಒಂದೊಂದಾಗಿ ಕೇಳುತ್ತಾ ಹೋದಾಗ ಅಂಗಡಿಯವರು, "ಸಾರ್, ಗೇಮ್ ಆಡೋಕೆ ಅದೆಲ್ಲಾ ಒಂದೇ" ಎಂದರು. ಒಂದೇ ಆಗಿದ್ದರೆ ಬರೆದುಕೊಡುವುದಕ್ಕೆ ಏನು ತೊಂದರೆ ಎಂದು ಕೇಳಬೇಕೆನಿಸಿತಾದರೂ ನಕ್ಕು ಹೊರಬಂದೆ. ಆಮೇಲೆ ನಾಲ್ಕಾರು ಕಡೆ ವಿಚಾರಿಸಿದಾಗಲೂ ಗಮನಿಸಿದ್ದು ಇದನ್ನೇ: ಕೊಟೇಶನ್ನಿನಲ್ಲಿ ಯಾವ ಸಾಲಿಗೆ ಹೆಸರಿಲ್ಲವೋ ಕೊಳ್ಳುವವನ ಹಣ ಸೋರುವುದು ಆ ಸಾಲಿನಲ್ಲಿ.

ಆನ್‌ಲೈನಿನಲ್ಲಿ ಕಣ್ಣಿಗೆ ಬಿದ್ದ "ಐ7 ಗೇಮಿಂಗ್ ಪಿಸಿ" ಜಾಹೀರಾತುಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿತ್ತು. ಇಪ್ಪತ್ತು ಸಾವಿರದ ಒಳಗೆ ಮಾನಿಟರೂ ಸೇರಿ ಸಿಗುವ ಇಂಥವುಗಳಲ್ಲಿ ಹಲವದರ ವಿವರವನ್ನು ಕೊನೆಯವರೆಗೆ ಓದಿದರೆ ಸಿಗುವುದು 2011ರ ಐ7-2600 ಅಥವಾ 2012ರ ಐ7-3770, ಜೊತೆಗೆ ಹೆಸರಿಗೊಂದು ಜಿಟಿ 730 ಕಾರ್ಡು. ಅಕ್ಕನ ಮಗನಿಗೆ ಮುಖ್ಯವಾಗಿ ಬೇಕಾಗಿದ್ದದ್ದು ವ್ಯಾಲರಂಟ್ ಎಂಬ ಗುರಿ ಇಟ್ಟು ಗುಂಡು ಹಾರಿಸುವ ಆಟ. ಆ ಆಟ ವಿಂಡೋಸ್ 11ರಲ್ಲಿ ನಡೆಯಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಎರಡೂ ಇರಬೇಕು. ಆ ಕಾಲದ ಐ7 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ಏಳು ಎಂಬ ಅಂಕಿಯನ್ನು ನಂಬಿ ಕೊಂಡಿದ್ದರೆ, 2022ರಲ್ಲಿ ಬಂದ ನಾಲ್ಕು ಕೋರಿನ ಐ3-12100ಎಫ್‌ಗಿಂತ ನಿಧಾನವಾದ ಯಂತ್ರವನ್ನು ಮನೆಗೆ ಹೊತ್ತು ತರುತ್ತಿದ್ದೆ.

ಹಾಗಾಗಿ ಪಟ್ಟಿಯನ್ನು ನಾನೇ ಬರೆಯಲು ಕುಳಿತೆ, ಮತ್ತು ಮಾನಿಟರಿನಿಂದ ಶುರು ಮಾಡಿದೆ. ಬಹುತೇಕರು ಇದನ್ನು ಕೊನೆಗೆ, ಉಳಿದ ಹಣದಲ್ಲಿ ಕೊಳ್ಳುತ್ತಾರೆ. ನನ್ನ ಮಟ್ಟಿಗೆ ಲೆಕ್ಕದ ತಳಪಾಯವೇ ಅದು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ, 2560×1440ರಲ್ಲಿ 36.9 ಲಕ್ಷ, 4ಕೆ ಪರದೆಯಲ್ಲಿ 82.9 ಲಕ್ಷ. ಪ್ರತಿಯೊಂದು ಫ್ರೇಮಿಗೂ ಇಷ್ಟು ಚುಕ್ಕೆಗಳ ಬಣ್ಣವನ್ನು ಗ್ರಾಫಿಕ್ಸ್ ಕಾರ್ಡ್ ಲೆಕ್ಕ ಹಾಕಬೇಕಾಗಿರುವುದರಿಂದ, ಪರದೆ ಬದಲಾದರೆ ಬೇಕಾಗುವ ಕಾರ್ಡೂ ಅದರ ಬೆಲೆಯೂ ಬದಲಾಗುತ್ತವೆ. ನಮ್ಮ ಹಣಕ್ಕೆ 1080ರ ಪರದೆಯೇ ಸರಿ ಎಂದು ನಿಶ್ಚಯಿಸಿ, ಅದರಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್ ಬದಲು 165 ಹರ್ಟ್ಸಿನ 24 ಇಂಚಿನ ಐಪಿಎಸ್ ಮಾನಿಟರನ್ನು 10,200ಕ್ಕೆ ಆರಿಸಿಕೊಂಡೆ. ಗುರಿ ಇಡುವ ಆಟಗಳಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡಿಗೊಮ್ಮೆ ಬರುವುದಕ್ಕೂ 6 ಮಿಲಿಸೆಕೆಂಡಿಗೊಮ್ಮೆ ಬರುವುದಕ್ಕೂ ಇರುವ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಉಳಿದ ಐವತ್ತನಾಲ್ಕು ಸಾವಿರ ಚಿಲ್ಲರೆ ಪೆಟ್ಟಿಗೆಯೊಳಗೆ ಹೋಗಬೇಕಾದ ಹಣ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಮೊದಲು ಸೆಕೆಂಡ್ ಹ್ಯಾಂಡ್ ದಾರಿ ಹಿಡಿದೆ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿಯನ್ನು ಬದಲಿಸಿ ಕಾರ್ಡುಗಳಿಂದ ನಾಣ್ಯ ಗಣಿಗಾರಿಕೆ ಮಾಡುವ ಕಾಲ ಮುಗಿದ ಮೇಲೆ, ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ರಾಶಿಯಾಗಿ ಬಂದಿದ್ದವು. ಗಣಿಯಲ್ಲಿ ದುಡಿದದ್ದೆಲ್ಲಾ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಫ್ಯಾನ್ ಸವೆದಿರುತ್ತದೆ, ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಅವೆರಡನ್ನೂ ಬದಲಿಸಬಹುದು. ನನ್ನನ್ನು ತಡೆದದ್ದು ಬೇರೆ ಸಂಗತಿ. ಬೆಂಗಳೂರಿನಲ್ಲಿ ಒಬ್ಬರ ಮನೆಗೆ ಹೋಗಿ ಆರ್‌ಎಕ್ಸ್ 580, 8 ಜಿಬಿ ಎಂದು ಹಾಕಿದ್ದ ಕಾರ್ಡನ್ನು ಅವರ ಕಂಪ್ಯೂಟರಿನಲ್ಲೇ ಹಾಕಿಸಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ನೋಡಿದರೆ, ಚಿತ್ರದ ಲೆಕ್ಕ ಹಾಕುವ ಘಟಕಗಳಾದ ಶೇಡರ್‌ಗಳ ಸಂಖ್ಯೆ 2304 ಇರಬೇಕಾದ ಜಾಗದಲ್ಲಿ 2048 ಎಂದಿತ್ತು. ಹೆಸರು 580, ಒಳಗಿನ ಬಲ ಆರ್‌ಎಕ್ಸ್ 570ರದ್ದು. ಮಾರುತ್ತಿದ್ದವರಿಗೂ ಅದು ಗೊತ್ತಿರಲಿಲ್ಲವೆಂದೇ ಅವರ ಮುಖ ಹೇಳುತ್ತಿತ್ತು. ವಾರಂಟಿಯೂ ಇಲ್ಲದ, ಹೆಸರೂ ನಿಜವಲ್ಲದ ವಸ್ತುವನ್ನು ಅಕ್ಕನ ದುಡ್ಡಿನಲ್ಲಿ ಕೊಳ್ಳಲು ಮನಸ್ಸು ಒಪ್ಪಲಿಲ್ಲ. ನನ್ನದೇ ದುಡ್ಡಾಗಿದ್ದರೆ ಚೌಕಾಸಿ ಮಾಡಿ ತಂದಿರುತ್ತಿದ್ದೆನೋ ಏನೋ.

ಕೊನೆಗೆ ಒಂದು ಶನಿವಾರ ಅಕ್ಕನ ಮಗನನ್ನೂ ಕರೆದುಕೊಂಡು ಬೆಳಗಿನ ರೈಲಿಗೆ ಬೆಂಗಳೂರು ತಲುಪಿ, ಟೌನ್ ಹಾಲ್ ಬಳಿಯ ಎಸ್‌ಪಿ ರಸ್ತೆಗೆ ಹೋದೆವು. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಈ ಸಲ ಕೊಟೇಶನ್ ಕೇಳಲಿಲ್ಲ. ಮಾಡೆಲ್ ಸಂಖ್ಯೆಗಳ ಸಮೇತ ಟೈಪ್ ಮಾಡಿದ ಪಟ್ಟಿಯ ನಾಲ್ಕು ಪ್ರತಿಗಳನ್ನು ಒಯ್ದು, ಪ್ರತಿ ಅಂಗಡಿಯಲ್ಲೂ ಒಂದೊಂದು ಕೊಟ್ಟು, ಪ್ರತಿ ಸಾಲಿನ ಎದುರಿಗೆ ಬಿಲ್ ಸಹಿತದ ಬೆಲೆಯನ್ನಷ್ಟೇ ಬರೆದುಕೊಡಿ ಎಂದೆ. ಪಟ್ಟಿ ಕೈಗೆ ಬಂದ ತಕ್ಷಣ ಮಾತಿನ ಧಾಟಿ ಬದಲಾಗುವುದನ್ನು ಅವನೂ ಗಮನಿಸಿದ.

ಒಂದು ಅಂಗಡಿಯಲ್ಲಿ ಪಟ್ಟಿಯಲ್ಲಿದ್ದ ಗ್ರಾಫಿಕ್ಸ್ ಕಾರ್ಡು ಆರ್‌ಎಕ್ಸ್ 6600ರ ಬದಲು ಆರ್‌ಎಕ್ಸ್ 6500 ಎಕ್ಸ್‌ಟಿ ಕೊಳ್ಳಿ, ಆರು ಸಾವಿರ ಉಳಿಯುತ್ತದೆ, ಎಕ್ಸ್‌ಟಿ ಎಂದರೆ ಇನ್ನೂ ಮೇಲಿನದು ಎಂದರು. ಅವನ ಕಣ್ಣು ನನ್ನ ಕಡೆ ತಿರುಗಿತು. ಈ ಎರಡು ಕಾರ್ಡುಗಳ ನಡುವೆ ಇರುವುದು ಆರು ಸಾವಿರದ ಅಂತರವಲ್ಲ, ದರ್ಜೆಯ ಅಂತರ. 6600ಕ್ಕೆ 8 ಜಿಬಿ ಮೆಮೊರಿ, 128 ಬಿಟ್ ದಾರಿ, ಮದರ್‌ಬೋರ್ಡಿನೊಂದಿಗೆ ಮಾತನಾಡಲು ಪಿಸಿಐಇಯ ಎಂಟು ಲೇನುಗಳಿವೆ. 6500 ಎಕ್ಸ್‌ಟಿಯ ಸಾಮಾನ್ಯ ಮಾದರಿಗೆ 4 ಜಿಬಿ, 64 ಬಿಟ್, ನಾಲ್ಕೇ ಲೇನುಗಳು. ನಾಲ್ಕು ಜಿಬಿ ತುಂಬಿದ ಮೇಲೆ ಉಳಿದ ಚಿತ್ರಗಳನ್ನು ಕಂಪ್ಯೂಟರಿನ ರ‍್ಯಾಮಿನಿಂದ ಆ ನಾಲ್ಕು ಲೇನುಗಳ ಮೂಲಕವೇ ಎಳೆದು ತರಬೇಕಾಗುತ್ತದೆ, ಮತ್ತು ಬೋರ್ಡು ಹಳೆಯ ಪಿಸಿಐಇ 3.0ರದ್ದಾಗಿದ್ದರೆ ಆ ದಾರಿ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ನಾನು ಕೊಳ್ಳಲಿದ್ದ ಬಿ450 ಬೋರ್ಡು 3.0ರದ್ದೇ. 6600 ಅದೇ ಬೋರ್ಡಿನಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ. ಮೂರು ವರ್ಷದ ವಾರಂಟಿ ಇದ್ದ ಹೊಸ 6600 ಕಾರ್ಡು 20,800ಕ್ಕೆ ಸಿಕ್ಕಿತು. ಪೆಟ್ಟಿಗೆಯ ಒಟ್ಟು ಖರ್ಚಿನಲ್ಲಿ ಶೇ 39ರಷ್ಟು ಈ ಒಂದು ವಸ್ತುವಿಗೇ ಹೋಯಿತು, ಮತ್ತು ಹೋಗಬೇಕಾಗಿದ್ದದ್ದೂ ಅಷ್ಟೇ.

ಪ್ರೊಸೆಸರಿನಲ್ಲಿ ರೈಜನ್ 5 5500 ಮತ್ತು 5600ರ ನಡುವೆ ತೂಗಿ ನೋಡಿದೆ. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಆದರೆ 5500ರ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32 ಎಂಬಿ. ವ್ಯಾಲರಂಟ್‌ನಂಥ ಆಟ ಗ್ರಾಫಿಕ್ಸ್ ಕಾರ್ಡಿಗೆ ಹಗುರ, ಪ್ರೊಸೆಸರಿಗೆ ಭಾರ. 165 ಹರ್ಟ್ಸಿನ ಪರದೆಯನ್ನು ಬಿಡುವಿಲ್ಲದೆ ತುಂಬಿಸಬೇಕಾದರೆ ಆ ಹೆಚ್ಚಿನ ಕ್ಯಾಶ್ ಉಪಯೋಗಕ್ಕೆ ಬರುತ್ತದೆ ಎಂದು 12,200 ಕೊಟ್ಟು 5600 ತೆಗೆದುಕೊಂಡೆ. ಬೋರ್ಡಿನಲ್ಲಿ ಮಾತ್ರ ಕೈ ಬಿಗಿ ಹಿಡಿದು ಬಿ550ರ ಬದಲು 6,100ರ ಬಿ450 ಆರಿಸಿದೆ. ಬಿ450 ಚಿಪ್‌ಸೆಟ್ 5000 ಸರಣಿಯ ಪ್ರೊಸೆಸರುಗಳಿಗಿಂತ ಹಳೆಯದಾದ್ದರಿಂದ ಬೋರ್ಡಿನೊಳಗಿನ ಚಾಲನಾ ತಂತ್ರಾಂಶವಾದ ಬಯಾಸ್ ಹೊಸದಿಲ್ಲದಿದ್ದರೆ ಕಂಪ್ಯೂಟರ್ ಚಾಲೂ ಆಗುವುದಿಲ್ಲ. ಡಬ್ಬದ ಮೇಲೆ "ರೈಜನ್ 5000 ರೆಡಿ" ಎಂಬ ಸ್ಟಿಕ್ಕರ್ ಇದೆಯೇ ಎಂದು ನೋಡಿಯೇ ಹಣ ಕೊಟ್ಟೆ. 8 ಜಿಬಿಯ ಎರಡು ಡಿಡಿಆರ್4 3200 ಸ್ಟಿಕ್ಕುಗಳಿಗೆ 3,300, 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಗೆ 4,300. ಇವುಗಳಲ್ಲಿ ಹೆಚ್ಚು ಯೋಚಿಸುವಂಥದ್ದೇನೂ ಇರಲಿಲ್ಲ. (ಈ ಬೆಲೆಗಳು ಆ ತಿಂಗಳಿನವು, 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಏರಿದ ರೀತಿ ನೋಡಿದರೆ ನಮ್ಮದು ಅದೃಷ್ಟದ ಕಾಲವೆನ್ನಬೇಕು.)

ಹೆಚ್ಚು ಹೊತ್ತು ಕಳೆದದ್ದು ಎಸ್‌ಎಂಪಿಎಸ್ ವಿಷಯದಲ್ಲಿ. ಕ್ಯಾಬಿನೆಟ್ಟಿನ ಜೊತೆಗೇ ಕೊಡುತ್ತೇವೆ, ಐನೂರು ವ್ಯಾಟಿನದು, ಎಂಟುನೂರಕ್ಕೆ ಆಗುತ್ತದೆ ಎಂದು ಒಂದನ್ನು ಮುಂದಿಟ್ಟರು. ಕೈಗೆತ್ತಿಕೊಂಡರೆ ಖಾಲಿ ಡಬ್ಬದಷ್ಟು ಹಗುರ. ಬದಿಯಲ್ಲಿ 500 ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟಿನ ಎದುರು 18 ಆಂಪಿಯರ್ ಎಂದಿತ್ತು. ಹನ್ನೆರಡು ಹದಿನೆಂಟಲೆ ಇನ್ನೂರ ಹದಿನಾರು. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚುಕಡಿಮೆ ಪೂರ್ತಿಯಾಗಿ ನಡೆಯುವುದು ಈ 12 ವೋಲ್ಟಿನ ಮೇಲೆಯೇ. ಕಾರ್ಡಿಗೆ 132 ವ್ಯಾಟ್, ಪ್ರೊಸೆಸರ್ 65 ವ್ಯಾಟ್ ದರ್ಜೆಯದು, ಮೇಲೆ ಫ್ಯಾನು, ಬೋರ್ಡು. ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸಿದಾಗ ಕೌಂಟರಿನ ಹುಡುಗ ಸುಮ್ಮನೆ ಅದನ್ನು ತೆಗೆದು ಒಳಗಿಟ್ಟು, ವಿದ್ಯುತ್ ದಕ್ಷತೆಗೆ 80 ಪ್ಲಸ್ ಬ್ರಾಂಜ್ ದರ್ಜೆ ಪಡೆದ 550 ವ್ಯಾಟಿನದನ್ನು ತಂದ. ಅದಕ್ಕೆ 4,100. ಬಿ550 ಬಿಟ್ಟದ್ದರಿಂದ ಉಳಿದ ಹಣ ಇಲ್ಲಿ ಖರ್ಚಾಯಿತು, ಅದರ ಬಗ್ಗೆ ನನಗೆ ಈವರೆಗೂ ಬೇಸರವಿಲ್ಲ.

ಕ್ಯಾಬಿನೆಟ್ಟಿನ ವಿಷಯದಲ್ಲಿ ಅಕ್ಕನ ಮಗನಿಗೂ ನನಗೂ ಚಿಕ್ಕ ಜಗಳವೇ ಆಯಿತು. ಮುಂದೆ ಗಾಜಿದ್ದು ಬಣ್ಣಬಣ್ಣದ ದೀಪ ಬೆಳಗುವುದು ಅವನಿಗೆ ಬೇಕಿತ್ತು. ಮುಂದೆ ಜಾಲರಿ ಇದ್ದು ಗಾಳಿ ಒಳಹೋಗುವುದು ನನಗೆ ಬೇಕಿತ್ತು. ಜಾಲರಿಯೂ ಇದ್ದು ಒಂದು ದೀಪದ ಫ್ಯಾನೂ ಇರುವ 3,000ದ್ದು ಸಿಕ್ಕಿ ರಾಜಿಯಾಯಿತು. ಪೆಟ್ಟಿಗೆಗೆ 53,800, ಮಾನಿಟರ್ ಸೇರಿ 64,000.

ಬಿಲ್ ಬೇಡವೆಂದರೆ ಇನ್ನಷ್ಟು ಕಡಿಮೆ ಮಾಡುತ್ತೇವೆ ಎಂಬ ಮಾತು ಕೊನೆಗೆ ಬಂದೇ ಬಂತು. ಶೇ 18ರ ಜಿಎಸ್‌ಟಿ ಲೆಕ್ಕದಲ್ಲಿ 53,800ರೊಳಗೆ ತೆರಿಗೆಯ ಪಾಲು ಸುಮಾರು 8,200. ಅದರಲ್ಲಿ ನಮಗೆ ಬಿಡುತ್ತೇವೆಂದದ್ದು ಎರಡು ಸಾವಿರ. ಬೇಡವೆಂದು, ಪ್ರತಿ ವಸ್ತುವಿನ ಸೀರಿಯಲ್ ಸಂಖ್ಯೆಯನ್ನೂ ಬಿಲ್ಲಿನಲ್ಲಿ ನಮೂದಿಸಿಕೊಂಡು, ಅಲ್ಲೇ ಫೋಟೊ ತೆಗೆದು ಅಕ್ಕನಿಗೆ ಕಳುಹಿಸಿದೆ.

ಜೋಡಣೆ ಮನೆಯಲ್ಲೇ ಆಯಿತು, ಮತ್ತು ಪೆಚ್ಚಾಗುವ ಸರದಿ ನನ್ನದಾಯಿತು. ಎಲ್ಲಾ ಸರಿಯಾಗಿ ಕೂಡಿಸಿ ಗುಂಡಿ ಒತ್ತಿದರೆ ಫ್ಯಾನುಗಳು ತಿರುಗಿದವು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಅರ್ಧ ಗಂಟೆ ರ‍್ಯಾಮ್ ಕಿತ್ತು ಹಾಕಿದ ಮೇಲೆ ಅವನೇ, "ಮಾವ, ಕೇಬಲ್ ಬೋರ್ಡಿಗೆ ಚುಚ್ಚಿದ್ದೀರಲ್ಲ" ಎಂದ. 5600ರಲ್ಲಿ ಗ್ರಾಫಿಕ್ಸೇ ಇಲ್ಲ. ಕೇಬಲ್ ಹೋಗಬೇಕಾಗಿದ್ದದ್ದು ಕಾರ್ಡಿಗೆ. ಆಮೇಲೆ ಬಯಾಸ್ ತೆರೆದರೆ 3200ರ ರ‍್ಯಾಮ್ 2400ರಲ್ಲಿ ಓಡುತ್ತಿತ್ತು, ಅದನ್ನು ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಮಾಡಿದೆ. ವಿಂಡೋಸ್ ಹಾಕಿದ ಮೇಲೆ ನೋಡಿದರೆ 165 ಹರ್ಟ್ಸಿನ ಮಾನಿಟರ್ 60ರಲ್ಲಿತ್ತು, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಬದಲಿಸಿದೆ. ಈ ಎರಡು ಕೆಲಸಕ್ಕೂ ಸೇರಿ ಐದು ನಿಮಿಷ ಹಿಡಿಯಲಿಲ್ಲ. ಕೊಟ್ಟ ಹಣದ ಒಂದು ಪಾಲು ಇಷ್ಟನ್ನೂ ಮಾಡದೆ ಎಷ್ಟು ಮನೆಗಳಲ್ಲಿ ಮಲಗಿದೆಯೋ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ರ‍್ಯಾಮ್ ಸ್ಟಿಕ್ ಕೆಟ್ಟಿತು. ಆಟದ ನಡುವೆ ನೀಲಿ ಪರದೆ ಬರಲು ಶುರುವಾಗಿ, ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿದಾಗ ಗೊತ್ತಾಯಿತು. ಸೀರಿಯಲ್ ಸಂಖ್ಯೆ ಇದ್ದ ಬಿಲ್ಲಿನ ಫೋಟೊ ಅಕ್ಕನ ಫೋನಿನಲ್ಲಿ ಇದ್ದೇ ಇತ್ತು. ಬದಲಿ ಬರಲು ಮೂರು ವಾರ ಹಿಡಿಯಿತು, ಅಷ್ಟು ದಿನವೂ ಅವನು ಒಂದೇ ಸ್ಟಿಕ್ಕಿನಲ್ಲಿ ಆಡಿದ. ಎರಡನೆಯ ದಿನವೇ ಫೋನ್ ಮಾಡಿ, ಮಾವ, ಆಟ ತಡವರಿಸುತ್ತಿದೆ, ಗ್ರಾಫಿಕ್ಸ್ ಕಾರ್ಡೂ ಕೆಟ್ಟಿತೇ ಎಂದು ಕೇಳಿದ. ಕಾರ್ಡಿಗೆ ಏನೂ ಆಗಿಲ್ಲ, ಎರಡು ಸ್ಟಿಕ್ ಇದ್ದಾಗ ಸೆಕೆಂಡಿಗೆ 51.2 ಜಿಬಿ ಹರಿಯಬಲ್ಲ ದಾರಿ ಈಗ 25.6ಕ್ಕೆ ಇಳಿದಿದೆ ಎಂದು ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೊದಲನೇ ಅಂಗಡಿಯವರು 16 ಜಿಬಿ ಅಂತ ಬರೆದಿದ್ದು ಒಂದೇ ಸ್ಟಿಕ್ಕಾ ಇತ್ತಾ ಮಾವ?" ಎಂದ. ಅವರು ಬರೆದಿರಲಿಲ್ಲ ಎಂದೆ.