ಡೀಸೆಲ್ ಇಂಜಿನ್ ಕೂರಿಸಿದ ಜೀಪಿನಲ್ಲಿ ಆರ್‌ಪಿಎಂ ಮೀಟರ್ ಓಡಿಸುವುದು ಹೇಗೆ?

ಕೊಡಗಿನ ತೋಟಗಳಲ್ಲಿ ಪೆಟ್ರೋಲ್ ಗಾಡಿಗೆ ಡೀಸೆಲ್ ಇಂಜಿನ್ ಕೂರಿಸುವುದು ಹೊಸ ವಿಷಯವೇನಲ್ಲ. ಗೊಬ್ಬರದ ಮೂಟೆ, ಕಾಫಿ ಚೀಲ ಹೇರಿಕೊಂಡು ಕೆಸರಿನ ಏರು ಹತ್ತಬೇಕಾದ ಜೀಪಿಗೆ ಕಡಿಮೆ ಆರ್‌ಪಿಎಂನಲ್ಲೇ (ನಿಮಿಷಕ್ಕೆ ಕಡಿಮೆ ಸುತ್ತಿನಲ್ಲೇ) ಎಳೆಯುವ ಇಂಜಿನ್ ಬೇಕು. ಇಂಜಿನ್ ಕೂರುತ್ತದೆ, ಗೇರ್‌ಬಾಕ್ಸ್ ಹೊಂದುತ್ತದೆ, ಗಾಡಿ ಓಡುತ್ತದೆ. ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳುವುದಿಲ್ಲ. ‘ಅದ್ಯಾಕೆ ಬಿಡಿ, ಶಬ್ದದಲ್ಲೇ ಗೊತ್ತಾಗುತ್ತೆ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಲೋಡ್ ಹೊತ್ತು ಸಂಪಾಜೆ ಘಾಟಿಯನ್ನೋ ಮಾಕುಟ್ಟದ ದಾರಿಯನ್ನೋ ಇಳಿಯುವುದನ್ನು ನೆನೆಸಿಕೊಳ್ಳಿ. ಬ್ರೇಕ್ ಕಾಯಬಾರದು ಎಂದು ಸಣ್ಣ ಗೇರಿನಲ್ಲಿ, ಇಂಜಿನ್ ಹಿಡಿತದಲ್ಲೇ ಇಳಿಯುತ್ತೀರಿ. ಆಗ ಇಂಜಿನ್ನನ್ನು ತಿರುಗಿಸುವುದು ಡೀಸೆಲ್ ಅಲ್ಲ, ಚಕ್ರಗಳು. ಡೀಸೆಲ್ ಪಂಪಿನ ಗವರ್ನರ್ (ವೇಗಕ್ಕೆ ಮಿತಿ ಹಾಕುವ ಭಾಗ) ಡೀಸೆಲ್ ನಿಲ್ಲಿಸಬಲ್ಲದು, ಚಕ್ರ ತಳ್ಳುವುದನ್ನು ನಿಲ್ಲಿಸಲಾರದು. ಅವಸರದಲ್ಲಿ ಒಂದು ಗೇರ್ ಜಾಸ್ತಿ ಇಳಿಸಿದರೆ ಇಂಜಿನ್ ತನ್ನ ಮಿತಿ ದಾಟಿ ತಿರುಗುತ್ತದೆ. ವಾಲ್ವ್ ಬಾಗುವುದು ಇಂಥ ಹೊತ್ತಿನಲ್ಲೇ. ಜೋರು ಮಳೆ, ಹುಡ್ ಮೇಲೆ ನೀರಿನ ಸದ್ದು, ಕೆಳಗೆ ಡೀಸೆಲ್ ಗುಡುಗು. ಕಿವಿಯನ್ನು ಎಷ್ಟೂಂತ ನಂಬುತ್ತೀರಿ?

ಮುಳ್ಳು ಯಾಕೆ ಏಳುವುದಿಲ್ಲ?

ಹಳೆಯ ಪೆಟ್ರೋಲ್ ಗಾಡಿಯ ಮೀಟರಿಗೆ ಸುದ್ದಿ ಬರುವುದು ಇಗ್ನಿಷನ್ ಕಾಯಿಲಿನ ನೆಗೆಟಿವ್ ತುದಿಯಿಂದ. ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಅಲ್ಲಿ ಒಂದು ಪಲ್ಸ್ ಏಳುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಪಲ್ಸ್. ಮೀಟರ್ ಅದನ್ನೇ ಎಣಿಸಿ ಮುಳ್ಳು ಏರಿಸುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಕಾಯಿಲ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ಹಾಗಾಗಿ ಮೀಟರ್ ಕೆಟ್ಟಿದೆ ಎಂದು ಬಿಸಾಡಬೇಡಿ. ಅದಕ್ಕೆ ಬರುತ್ತಿದ್ದ ಸಿಗ್ನಲ್ ನಿಂತಿದೆ, ಅಷ್ಟೆ.

ಮೊದಲು ಡೈನಮೋ ಹಿಂದೆ ನೋಡಿ

ಸಿಗ್ನಲ್ ಸಿಗುವ ಸುಲಭದ ಜಾಗ ಆಲ್ಟರ್ನೇಟರ್, ನಮ್ಮ ಗ್ಯಾರೇಜುಗಳಲ್ಲಿ ಹೇಳುವ ಡೈನಮೋ. ಅದರೊಳಗೆ ಮೊದಲು ಹುಟ್ಟುವುದು ಎಸಿ ಕರೆಂಟು. ಡಯೋಡ್ ದಾಟಿದ ಮೇಲೆ ಡಿಸಿ ಆಗಿ ಬ್ಯಾಟರಿಗೆ ಹೋಗುತ್ತದೆ. ಡಯೋಡಿಗೆ ಮುಂಚೆಯೇ ಒಂದು ಸುರುಳಿಯಿಂದ ಹೊರಗೆ ತಂದ ತುದಿಗೆ ‘ಡಬ್ಲ್ಯು’ ಎಂದು ಗುರುತು ಹಾಕಿರುತ್ತಾರೆ. ಇಂಜಿನ್ ವೇಗ ಏರಿದಷ್ಟೂ ಅಲ್ಲಿನ ಪಲ್ಸ್ ಏರುತ್ತದೆ. ನಮಗೆ ಬೇಕಾದದ್ದು ಅದೇ.

ಚಾರ್ಜಿಂಗ್ ಲೈಟಿಗೆ ಹೋಗುವ ತುದಿಯನ್ನೇ ಡಬ್ಲ್ಯು ಎಂದುಕೊಂಡು ವೈರ್ ಎಳೆಯುವುದು ತುಂಬಾ ಸಾಮಾನ್ಯ. ಮಲ್ಟಿಮೀಟರ್ ಇದ್ದರೆ ಗೊಂದಲವಿಲ್ಲ. ಇಂಜಿನ್ ಓಡುತ್ತಿರುವಾಗ ಡಿಸಿ ವೋಲ್ಟಿನಲ್ಲಿಟ್ಟು, ಒಂದು ಕಡ್ಡಿ ತುದಿಗೆ, ಇನ್ನೊಂದು ಬಾಡಿ ಅರ್ಥಿಗೆ ಮುಟ್ಟಿಸಿ. ಬ್ಯಾಟರಿಗೆ ಹೋಗುವ ದಪ್ಪ ತುದಿಯೂ ಚಾರ್ಜಿಂಗ್ ಲೈಟಿನ ತುದಿಯೂ ಸುಮಾರು 14 ವೋಲ್ಟ್ ತೋರಿಸುತ್ತವೆ. ಡಬ್ಲ್ಯು ಅದರ ಅರ್ಧ, 7 ವೋಲ್ಟಿನ ಆಸುಪಾಸು ತೋರಿಸುತ್ತದೆ. ಬೆಲ್ಟಿನ ಹತ್ತಿರ ಕೈ, ತೋಳಿನ ಬಟ್ಟೆ ಹೋಗದಂತೆ ನೋಡಿಕೊಳ್ಳಿ.

ಡಬ್ಲ್ಯು ತುದಿಯೇ ಇಲ್ಲದಿದ್ದರೆ ಡೈನಮೋ ಬಿಚ್ಚಿಸಿ, ಸ್ಟೇಟರಿನಿಂದ (ತಿರುಗದೆ ನಿಂತಿರುವ ಸುರುಳಿಯಿಂದ) ಡಯೋಡ್ ಪ್ಲೇಟಿಗೆ ಬರುವ ಮೂರು ವೈರುಗಳಲ್ಲಿ ಯಾವುದಾದರೂ ಒಂದಕ್ಕೆ ವೈರ್ ಬೆಸೆದು, ಸ್ಲೀವ್ ಹಾಕಿ ಹೊರತರಬೇಕು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಆಟೋ ಎಲೆಕ್ಟ್ರಿಷಿಯನ್‌ಗೆ ಕೊಡಿ. ನಮ್ಮ ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಇದೇ ಡೈನಮೋ ಬೆನ್ನಿಗೆ ಕೂತಿರುತ್ತದೆ, ಅದಕ್ಕೆ ಆಯಿಲ್ ಪೈಪೂ ಬಂದಿರುತ್ತದೆ. ಪೈಪ್ ಸರಿಯಾಗಿ ಬಿಗಿಯದಿದ್ದರೆ ಮೀಟರ್ ಓಡುತ್ತದೆ, ಆಯಿಲ್ ಖಾಲಿಯಾಗುತ್ತದೆ, ಬ್ರೇಕ್ ಕಲ್ಲಾಗುತ್ತದೆ. ವಾಪಸ್ ಕೂರಿಸಿದ ಮೇಲೆ ಈ ಜಾಗವನ್ನು ನೀವೇ ಬಗ್ಗಿ ನೋಡಿ.

ಲೆಕ್ಕ ಹಾಕಿಯೇ ಮೀಟರ್ ಕೊಳ್ಳಿ

ಡಬ್ಲ್ಯು ವೈರನ್ನು ಹಳೆಯ ಪೆಟ್ರೋಲ್ ಮೀಟರಿಗೆ ನೇರ ಕೊಟ್ಟರೆ ಕೆಲಸ ಆಗದು. ಇಂಜಿನ್ನಿನ ಒಂದು ಸುತ್ತಿಗೆ ಅಲ್ಲಿಂದ ಬರುವುದು ಎರಡು ಪಲ್ಸ್ ಅಲ್ಲ, ಬಹಳ ಜಾಸ್ತಿ. ಎಷ್ಟು ಎಂದು ತಿಳಿಯಲು ಎರಡು ಅಂಕಿ ಸಾಕು.

ಒಂದು, ಡೈನಮೋದ ಕಾಂತಧ್ರುವದ ಜೋಡಿಗಳು. ರೋಟರಿನ (ಒಳಗೆ ತಿರುಗುವ ಭಾಗದ) ಒಂದು ಬದಿಯ ಉಗುರುಗಳನ್ನು ಎಣಿಸಿದರೆ ಅದೇ ಸಂಖ್ಯೆ. ಬಹಳಷ್ಟರಲ್ಲಿ 6 ಇರುತ್ತದೆ. ಎರಡು, ಇಂಜಿನ್ ಒಂದು ಸುತ್ತಿಗೆ ಡೈನಮೋ ಎಷ್ಟು ಸುತ್ತು ಎಂಬುದು. ಪುಲ್ಲಿಗಳ ಅಡ್ಡಳತೆಯಿಂದ ತೆಗೆಯಬಹುದು. ಆದರೆ ಬೆಲ್ಟ್ ಪುಲ್ಲಿಯ ಅಂಚಿನಲ್ಲಿ ಅಲ್ಲ, ಸ್ವಲ್ಪ ಒಳಗೆ ಕೂರುವುದರಿಂದ ಅಳತೆ ತಪ್ಪುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಸೀಮೆಸುಣ್ಣ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಗೇರ್ ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದಿಡಿ. ಎರಡೂ ಪುಲ್ಲಿಗೆ ಗೆರೆ ಹಾಕಿ, ಉದ್ದ ಹಿಡಿಯ ಸ್ಪ್ಯಾನರಿನಿಂದ ಕ್ರ್ಯಾಂಕ್ ಪುಲ್ಲಿಯನ್ನು 10 ಸುತ್ತು ತಿರುಗಿಸಿ. ಡೀಸೆಲ್ ಕಂಪ್ರೆಷನ್ ಜಾಸ್ತಿ, ಭಾರ ಇರುತ್ತದೆ, ಇಬ್ಬರಿದ್ದರೆ ಒಳ್ಳೆಯದು. ಡೈನಮೋ 25 ಸುತ್ತು ತಿರುಗಿತು ಎಂದುಕೊಳ್ಳಿ. ಅಲ್ಲಿಗೆ ಅನುಪಾತ 2.5. ಅದನ್ನು 6ರಿಂದ ಗುಣಿಸಿದರೆ 15. ಅಂದರೆ ಇಂಜಿನ್ನಿನ ಒಂದು ಸುತ್ತಿಗೆ 15 ಪಲ್ಸ್.

ಈಗ ಕೊಳ್ಳಬೇಕಾದದ್ದು ಡಬ್ಲ್ಯು ಸಿಗ್ನಲ್ ತೆಗೆದುಕೊಳ್ಳುವ, ಪಲ್ಸ್ ಸಂಖ್ಯೆ ಹೊಂದಿಸಬಹುದಾದ ಡೀಸೆಲ್ ಮೀಟರ್. ಹಿಂಬದಿಯಲ್ಲಿ ಪುಟ್ಟ ಸ್ವಿಚ್ಚುಗಳೋ ತಿರುಗಿಸುವ ಸ್ಕ್ರೂವೋ ಇರುತ್ತದೆ. ನಿಮ್ಮ ಸಂಖ್ಯೆ ಅದರ ಮಿತಿಯೊಳಗೆ ಬರುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ವೈರಿಂಗ್ ದೊಡ್ಡದೇನಲ್ಲ. ಕೀ ಹಾಕಿದಾಗ ಮಾತ್ರ ಬರುವ 12 ವೋಲ್ಟ್ ಲೈನಿಗೆ ಸಣ್ಣ ಫ್ಯೂಸ್ ಕೊಟ್ಟು ಪ್ಲಸ್, ಒಳ್ಳೆಯ ಅರ್ಥ್, ದೀಪಕ್ಕೊಂದು, ಡಬ್ಲ್ಯುಗೊಂದು. ಡಬ್ಲ್ಯು ವೈರ್ ಸೈಲೆನ್ಸರ್ ಪೈಪಿಗೆ ತಾಗದಂತೆ, ಫೈರ್‌ವಾಲ್ ತೂತಿನಲ್ಲಿ ರಬ್ಬರ್ ಹಾಕಿ ಒಳತನ್ನಿ.

ಹಳೆಯ ಮೀಟರನ್ನೇ ಉಳಿಸಬೇಕಾ?

ಡ್ಯಾಶ್‌ಬೋರ್ಡಿನ ಅಂದ ಕೆಡಿಸಲು ಮನಸ್ಸಿಲ್ಲ ಎನ್ನುವವರಿಗೂ ದಾರಿ ಇದೆ. ಕ್ರ್ಯಾಂಕ್ ಪುಲ್ಲಿಗೆ ಎದುರುಬದುರಾಗಿ, ಒಂದೇ ತೂಕದ ಎರಡು ಸಣ್ಣ ಕಬ್ಬಿಣದ ಗುರುತು ಕೂರಿಸಿ, ಅದರ ಮುಂದೆ 2–3 ಮಿಲಿಮೀಟರ್ ಅಂತರದಲ್ಲಿ ಮೂರು ವೈರಿನ ಎನ್‌ಪಿಎನ್ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದಾಗ ಸಿಗ್ನಲ್ ಕೊಡುವ ಸಾಧನ) ಬಿಗಿಯುವುದು. ಒಂದು ಸುತ್ತಿಗೆ ಎರಡು ಪಲ್ಸ್ ಬಂತಲ್ವಾ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಮೀಟರಿಗೆ ಬೇಕಾದ್ದು ಅಷ್ಟೇ. ಸೆನ್ಸರಿನ ಔಟ್‌ಪುಟ್ ವೈರಿಗೂ 12 ವೋಲ್ಟಿಗೂ ನಡುವೆ 1 ಕಿಲೋಓಮ್ ರೆಸಿಸ್ಟರ್ ಕೊಡಿ. ಕೆಲವು ಹಳೆಯ ಮೀಟರುಗಳು ಕಾಯಿಲಿನ ನೂರಾರು ವೋಲ್ಟ್ ಏಟಿಗೆ ಒಗ್ಗಿದವು, 12 ವೋಲ್ಟಿಗೆ ಅಲುಗಾಡುವುದಿಲ್ಲ. ಆಗ ಎಲೆಕ್ಟ್ರಾನಿಕ್ಸ್ ಬಲ್ಲವರಿಂದ ಟ್ರಾನ್ಸಿಸ್ಟರ್ ಮತ್ತು ರಿಲೇ ಕಾಯಿಲ್ ಸೇರಿಸಿ ಆ ಏಟನ್ನು ಹುಟ್ಟಿಸಬೇಕಾಗುತ್ತದೆ.

ನಮ್ಮ ಮಳೆಗೆ ಈ ಸೆನ್ಸರ್ ವಿಧಾನವೇ ಹೆಚ್ಚು ಗಟ್ಟಿ ಎಂದು ನನ್ನ ಅಭಿಪ್ರಾಯ. ತೋಡು ದಾಟಿದಾಗ ಬೆಲ್ಟ್ ನೆನೆದು ಜಾರುತ್ತದೆ. ಡೈನಮೋ ನಿಧಾನವಾಗಿ, ಡಬ್ಲ್ಯು ನಂಬಿದ ಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕ್ರ್ಯಾಂಕ್ ಪುಲ್ಲಿ ಜಾರುವುದಿಲ್ಲ. ಕೆಸರು ಮೆತ್ತಿದರೂ ಈ ಸೆನ್ಸರ್ ಗಮನಿಸುವುದು ಲೋಹವನ್ನು ಮಾತ್ರ. ಕಲ್ಲು ಬಡಿಯದಂತೆ ಒಂದು ತಗಡಿನ ಮರೆ ಕೊಡಿ ಸಾಕು.

ಕೂರಿಸಿದ್ದು ಹೊಸ ಕಾಮನ್ ರೈಲ್ ಇಂಜಿನ್ ಆಗಿದ್ದರೆ ಸಿಗ್ನಲ್ ಇಸಿಯುನಿಂದಲೇ (ಇಂಜಿನ್ ನಡೆಸುವ ಕಂಪ್ಯೂಟರಿನಿಂದಲೇ) ಪಡೆಯಿರಿ. ಅದರ ಕ್ರ್ಯಾಂಕ್ ಸೆನ್ಸರ್ ವೈರಿಗೆ ಕೈ ಹಾಕಬೇಡಿ, ಸಿಗ್ನಲ್ ಕೆಟ್ಟರೆ ಇಂಜಿನ್ನೇ ನಿಲ್ಲುತ್ತದೆ.

ಹೊಂದಿಸುವುದು

ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರ್ ತನ್ನಿ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ, ಇಂಜಿನ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲೂ 2000ದ ಹತ್ತಿರವೂ ಹೋಲಿಸಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಪಲ್ಸ್ ಸಂಖ್ಯೆ ತಿದ್ದಿ. ಐಡಲಿಂಗ್ ಸರಿ ಇದ್ದು ಮೇಲೆ ಹೋದಂತೆ ಕಡಿಮೆ ತೋರಿಸಿದರೆ ಬೆಲ್ಟ್ ಬಿಗಿ ನೋಡಿ. ಮುಳ್ಳು ಕುಣಿದರೆ ಹೆಚ್ಚಾಗಿ ಅರ್ಥ್ ಸಡಿಲ.

ಪೆಟ್ರೋಲ್ ಮೀಟರಿನ ಕೆಂಪು ಗೆರೆ ಡೀಸೆಲಿಗೆ ಅನ್ವಯಿಸುವುದಿಲ್ಲ. ನಿಮ್ಮ ಇಂಜಿನ್ನಿನ ಕೈಪಿಡಿಯಲ್ಲಿರುವ ಗರಿಷ್ಠ ವೇಗ ನೋಡಿ, ಗಾಜಿನ ಮೇಲೆ ಅಲ್ಲಿಗೇ ಕೆಂಪು ಪಟ್ಟಿ ಅಂಟಿಸಿ. ಇನ್ನು, ಇಂಜಿನ್ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅನ್ವಯಿಸುತ್ತದೆ. ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್, ಡೀಸೆಲ್ ಎಂಬ ನಮೂದು ಆಗಿದೆಯೇ ನೋಡಿಕೊಳ್ಳಿ.

ಪುಲ್ಲಿ ಅನುಪಾತ ಮತ್ತು ಪಲ್ಸ್ ಸಂಖ್ಯೆಯನ್ನು ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಬರೆದಿಡಿ. ಮುಂದೆ ಡೈನಮೋ ಬದಲಾಯಿಸಿದಾಗ ಪುಲ್ಲಿ ಸೈಜೂ ಬದಲಾಗಬಹುದು, ಆಗ ಮತ್ತೆ ಲೆಕ್ಕ ಹಾಕಬೇಕು.