ಎಣ್ಣಿ ಒಯ್ಯುವವರು ಒಬ್ಬರು, ಹೊಡೆಯುವವರು ಇನ್ನೊಬ್ಬರು

ನಮ್ಮ ಹಾವೇರಿ ಸೀಮೆಯಲ್ಲಿ ಬೆಳೆಗೆ ಹೊಡೆಯುವ ವಿಷಕ್ಕೆ ‘ಎಣ್ಣಿ’ ಅನ್ನುತ್ತಾರೆ. ಸ್ವಲ್ಪ ನಯವಾಗಿ ಮಾತಾಡುವವರು ‘ಔಷಧ’ ಅನ್ನುತ್ತಾರೆ. ಗೊಬ್ಬರ, ಬೀಜ, ಕೀಟನಾಶಕದ ಅಂಗಡಿ ಇಟ್ಟು 22 ವರ್ಷ ಆಯಿತು, ‘ಒಂದು ಲೀಟರ್ ವಿಷ ಕೊಡ್ರಿ’ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಎಣ್ಣಿ ಅಂದರೆ ಒಗ್ಗರಣೆಗೆ ಬರುವಂಥದ್ದು, ಔಷಧ ಅಂದರೆ ಜೀವ ಉಳಿಸುವಂಥದ್ದು. ಅರ್ಧ ಎಚ್ಚರ ಹೆಸರಲ್ಲೇ ಸೋರಿಹೋಗಿರುತ್ತದೆ.

ಉಳಿದರ್ಧ ನನ್ನ ಅಂಗಡಿಯ ಕಸದಲ್ಲಿ ಹೋಗುತ್ತಿತ್ತು. ಪ್ರತಿ ಬಾಟ್ಲಿಯ ಜೊತೆ ಮಡಚಿದ ಚೀಟಿಯೊಂದು ಇರಲೇಬೇಕು ಎನ್ನುವುದು 1971ರ ಕೀಟನಾಶಕ ನಿಯಮ. ಯಾವ ಬೆಳೆಗೆ, ಎಷ್ಟು ಪ್ರಮಾಣ, ವಿಷ ಏರಿದರೆ ಏನೇನು ಆಗುತ್ತದೆ, ಪ್ರತಿವಿಷ ಯಾವುದು, ಎಲ್ಲವೂ ಅದರಲ್ಲಿರುತ್ತದೆ. ಬಿಡಿಸಿದರೆ ಮೊಳದುದ್ದ, ನಾಲ್ಕಾರು ಭಾಷೆ, ಅಕ್ಷರ ಸಾಸಿವೆ ಕಾಳಿನಷ್ಟು. ಬೈಕಿನ ಚೀಲದಲ್ಲಿ ಜಾಗ ಸಾಲದೆಂದು ರೈತರು ‘ರಟ್ಟಿನ ಡಬ್ಬಿ ಇಲ್ಲೇ ಇರ್ಲಿ ಬಿಡ್ರಿ’ ಎಂದು ಬಾಟ್ಲಿ ಮಾತ್ರ ಎತ್ತಿಕೊಂಡು ಹೋಗುತ್ತಾರೆ. ಚೀಟಿ ಡಬ್ಬಿಯೊಳಗೇ ಉಳಿಯುತ್ತದೆ. ರಾತ್ರಿ ಕಸ ಗುಡಿಸಿದರೆ ಒಂದು ಬುಟ್ಟಿ ಚೀಟಿ. ವರ್ಷಗಟ್ಟಲೆ ಅವನ್ನು ರಟ್ಟಿನ ಜೊತೆ ಸುಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

2018ರಲ್ಲಿ ನಮ್ಮ ರಾಜ್ಯದಲ್ಲೇ ದೇಶಕ್ಕೆ ಮೊದಲು ಕಾಣಿಸಿಕೊಂಡ ‘ಫಾಲ್ ಆರ್ಮಿವರ್ಮ್’ ಎಂಬ ಲದ್ದಿಹುಳು ಮರುವರ್ಷ ನಮ್ಮ ಗೋವಿನಜೋಳದ ಹೊಲಗಳನ್ನೆಲ್ಲ ಹೊಕ್ಕಿತು. ಹುಳ ಸುಳಿಯೊಳಗೆ ಕೂತಿರುತ್ತದೆ, ಮೇಲಿಂದ ಹೊಡೆದ ಎಣ್ಣಿ ಅದಕ್ಕೆ ಮುಟ್ಟುವುದಿಲ್ಲ. ಹಾಗಾಗಿ ವಿಷ ಪಾಷಾಣ ಹಾಕಿ ಎಂದು ಕೃಷಿ ವಿಜ್ಞಾನಿಗಳು ಹೇಳಿದರು. 10 ಕೆಜಿ ತೌಡಿಗೆ 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಬೆರೆಸಿ ಒಂದು ದಿನ ಇಡಬೇಕು, ಹೊಲಕ್ಕೆ ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಎಂಬ ಕೀಟನಾಶಕ ಕಲಸಿ ಸುಳಿಗೆ ಹಾಕಬೇಕು. ಸಲಹೆ ಸರಿಯಾಗಿಯೇ ಇತ್ತು. ಅದು ನಮ್ಮೂರಿಗೆ ಬಂದದ್ದು ವಾಟ್ಸಾಪ್‌ನಲ್ಲಿ, ಒಂದು ಫೋಟೋ ಆಗಿ.

ಪಕ್ಕದ ಊರಿನ ಹುಡುಗನೊಬ್ಬ ಆ ಫೋಟೋ ತೋರಿಸಿ ನನ್ನಲ್ಲೇ ಪಾಕೀಟು ಒಯ್ದ. ‘ಕೈಗವಸು ಹಾಕ್ಕೋ’ ಎಂದೆ, ‘ಹೂಂ’ ಎಂದ. ಬೆಳಗ್ಗೆ ಬುಟ್ಟಿಯಲ್ಲಿ ಕಲಸಿಟ್ಟು ಅವನು ರಾಣೆಬೆನ್ನೂರಿಗೆ ಹೋದ. ಬುಟ್ಟಿ ಹೊತ್ತು ಹೊಲಕ್ಕೆ ಹೋದವರು ಅವನ ತಾಯಿ ಮತ್ತು ನಾಲ್ಕು ಜನ ಕೂಲಿ ಹೆಣ್ಣುಮಕ್ಕಳು. ಬರಿಗೈಯಿಂದ ಚಿಟಿಕೆ ಚಿಟಿಕೆ ತೆಗೆದು ಸುಳಿಗೆ ಹಾಕಿದ್ದಾರೆ. ನಡುವೆ ಬದುವಿನ ಮೇಲೆ ಕೂತು ಅದೇ ಕೈ ಸೆರಗಿಗೆ ಒರೆಸಿ ರೊಟ್ಟಿ ಮುರಿದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಒಬ್ಬಾಕೆಗೆ ಬೆವರು, ಬಾಯಲ್ಲಿ ಜೊಲ್ಲು, ವಾಂತಿ. ‘ಬಿಸಲಿಗೆ ಪಿತ್ತ ಆಗೈತಿ’ ಎಂದು ನಿಂಬೆಹಣ್ಣಿನ ನೀರು ಕುಡಿಸಿ ಗಿಡದ ನೆರಳಲ್ಲಿ ಮಲಗಿಸಿದರು. ಕಣ್ಣು ಮಂಜಾಗಿದೆ ಎಂದಮೇಲೆ ಟಂಟಂ ಮಾಡಿಕೊಂಡು ಆಸ್ಪತ್ರೆಗೆ ಒಯ್ದರು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಔಷಧ? ಯಾರಿಗೂ ಗೊತ್ತಿಲ್ಲ. ‘ತೌಡು ಬೆಲ್ಲ ರೀ’ ಎಂದರಂತೆ. ಪಾಕೀಟು ಹುಡುಗನ ಮನೆಯ ತಿಪ್ಪೆಯಲ್ಲಿ, ಹುಡುಗನ ಫೋನು ಸ್ವಿಚ್ ಆಫ್. ಯಾರೋ ನನಗೆ ಫೋನು ಹಚ್ಚಿದರು, ನಾನು ಹೆಸರು ಹೇಳಿದೆ. ‘ಆರ್ಗನೋಫಾಸ್ಫೇಟೋ ಕಾರ್ಬಮೇಟೋ’ ಎಂದು ಡಾಕ್ಟರು ಕೇಳಿದಾಗ ನನಗೂ ತೊದಲು ಬಂತು. ಹೊಸ ಡಬ್ಬಿ ಒಡೆದು, ಚೀಟಿ ಬಿಡಿಸಿ, ಕನ್ನಡಕ ಹುಡುಕಿ ಓದಿ ಹೇಳಿದೆ. ಕಾರ್ಬಮೇಟ್. ಎರಡೂ ಗುಂಪಿನ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷ ಬೇಕು, ಆದರೆ ಜೊತೆಗೆ ಬೇರೆ ಔಷಧ ಕೊಡಬೇಕೋ ಬೇಡವೋ ಅನ್ನುವುದು ಗುಂಪಿನ ಮೇಲೆ ಹೋಗುತ್ತದೆ ಎಂದು ಆಮೇಲೆ ಅವರೇ ವಿವರಿಸಿದರು. ಆಕೆ ಮೂರನೇ ದಿನ ಮನೆಗೆ ಬಂದಳು. ಹೊಲದ ಬದುವಿನಲ್ಲಿ ಮಿಕ್ಕ ತೌಡು ತಿಂದ ಪಕ್ಕದವರ ಆಡು ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋಗಿದ್ದೆ. ‘ಅಣ್ಣಾರ, ಅದರಾಗ ಎಣ್ಣಿ ಹಾಕ್ಯಾರ ಅಂತ ನಮಗ ಯಾರೂ ಹೇಳಲಿಲ್ಲ. ಬೆಲ್ಲದ ವಾಸನಿ ಬರತಿತ್ತು’ ಎಂದಳು. ನಾನು ಹೇಳಿದ್ದೆನಲ್ಲ? ಹೇಳಿದ್ದೆ, ಹುಡುಗನಿಗೆ. ಪಾಷಾಣ ಮುಟ್ಟಿದ ಹತ್ತು ಕೈಗಳಲ್ಲಿ ಒಂದಕ್ಕೂ ನನ್ನ ಮಾತು ತಲುಪಿರಲಿಲ್ಲ.

ಅಂಗಡಿಕಾರರಿಗೆ ‘ದೇಸಿ’ ಅಂತ ಒಂದು ವರ್ಷದ ಡಿಪ್ಲೊಮಾ ಇದೆ. ಹೈದರಾಬಾದಿನ ಮ್ಯಾನೇಜ್ ಎಂಬ ಕೃಷಿ ತರಬೇತಿ ಸಂಸ್ಥೆ 2003ರಲ್ಲಿ ಶುರು ಮಾಡಿದ್ದು, 40 ತರಗತಿ, 8 ಹೊಲದ ಭೇಟಿ. ನಾನೂ ಮುಗಿಸಿದ್ದೇನೆ. ಲೇಬಲ್ಲಿನ ಬಣ್ಣಗಳನ್ನು ಅಲ್ಲಿ ಬಾಯಿಪಾಠ ಮಾಡಿಸಿದರು. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಗಲ್ಲೆ ಮುಂದೆ ಅದೇ ಪಾಠ ಉಲ್ಟಾ ಹೊಡೆಯಿತು. ಕೆಂಪಿನದು ಜೋರು ಎಂದು ಗೊತ್ತಾದ ಕೂಡಲೇ ‘ಹಂಗಾದ್ರ ಕೆಂಪಿಂದ ಕೊಡ್ರಿ’ ಅನ್ನತೊಡಗಿದರು! ವಾಸನೆಯದೂ ಇದೇ ಕಥೆ. ಮೊನೊಕ್ರೊಟೊಫಾಸ್ ಕಾಲದವರಿಗೆ ಮೂಗು ಮುಚ್ಚುವಂತೆ ನಾರಿದರೇ ಎಣ್ಣಿ. ನಾರದೆ ಇರುವುದನ್ನು ನೀರಿನ ಹಾಗೆ ಕೈಯಲ್ಲಿ ಆಡುತ್ತಾರೆ. ಹಾಗಾಗಿ ಬಣ್ಣದ ಪಾಠ ಬಿಟ್ಟೆ.

ಅದರ ಬದಲು ಒಂದು ಪ್ರಶ್ನೆ ಇಟ್ಟುಕೊಂಡೆ, ‘ಹೊಡಿಯೋರು ಯಾರು?’ ಬಿಲ್ ಬರೆಯುವ ಮೊದಲು ಕೇಳುತ್ತೇನೆ. ಹತ್ತರಲ್ಲಿ ಆರೇಳು ಮಂದಿ ಕೂಲಿಯವರ ಹೆಸರು ಹೇಳುತ್ತಾರೆ. ಆಗ ಅಲ್ಲೇ ಆ ಕೂಲಿಯವನಿಗೆ ಫೋನ್ ಹಚ್ಚಿಸಿ ಮಾತಾಡುತ್ತೇನೆ. ಎರಡು ನಿಮಿಷದ ಕೆಲಸ. ಗಿರಾಕಿ ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ. ಚೀಟಿಯನ್ನು ಬಾಟ್ಲಿಗೆ ಸುತ್ತಿ ರಬ್ಬರ್ ಹಾಕಿ ಕೊಡುತ್ತೇನೆ, ಓದಲಿ ಎಂದಲ್ಲ, ಆಸ್ಪತ್ರೆಗೆ ಒಯ್ಯಲಿ ಎಂದು. ಲೇಬಲ್ಲಿನ ಫೋಟೋ ತೆಗೆದು ಹೊಡೆಯುವವನ ನಂಬರಿಗೂ ಕಳಿಸುತ್ತೇನೆ.

ಇನ್ನು ಅಳತೆ. ಚೀಟಿಯಲ್ಲಿ ಹೆಕ್ಟೇರಿನ ಲೆಕ್ಕ ಇರುತ್ತದೆ, ಹೊಲದಲ್ಲಿ ಟ್ಯಾಂಕಿನ ಲೆಕ್ಕ ನಡೆಯುತ್ತದೆ. ಈಗಿನ ಬ್ಯಾಟರಿ ಪಂಪು 16 ಲೀಟರಿನದು. ಇಮಾಮೆಕ್ಟಿನ್ ಲೀಟರಿಗೆ 0.4 ಗ್ರಾಂ ಎಂದರೆ ಟ್ಯಾಂಕಿಗೆ 6.4 ಗ್ರಾಂ. ಇದನ್ನು ಯಾರು ಗುಣಾಕಾರ ಮಾಡುತ್ತಾ ಕೂರುತ್ತಾರೆ? ‘ಎರಡ್ ಮುಚ್ಚಳ’ ಅನ್ನುತ್ತಾರೆ, ಯಾವ ಬಾಟ್ಲಿಯ ಮುಚ್ಚಳ ಎಂದು ಕೇಳುವವರಿಲ್ಲ. ಈಗ ಅಳತೆ ಕಪ್ಪನ್ನು ದಾರದಲ್ಲಿ ಬಾಟ್ಲಿಯ ಕುತ್ತಿಗೆಗೆ ಕಟ್ಟಿ, ಎಲ್ಲಿಯವರೆಗೆ ಎಂದು ಮಾರ್ಕರಿನಲ್ಲಿ ಗೆರೆ ಎಳೆದು ಕೊಡುತ್ತೇನೆ. ದಾರ ಕಟ್ಟದಿದ್ದರೆ ಕಪ್ಪು ಮನೆ ಸೇರಿ ಚಹಾಪುಡಿ ಡಬ್ಬಿಯಲ್ಲಿ ಕೂರುತ್ತದೆ. ಕಣ್ಣಾರೆ ನೋಡಿದ್ದೇನೆ.

ಎಣ್ಣಿ ಹೊಡೆಯುವಾಗ ಮೈಗೆ ಹಾಕಿಕೊಳ್ಳುವ ರಕ್ಷಣೆಯ ಕಿಟ್ಟಿನ ವಿಷಯದಲ್ಲಿ ನಾನು ಸೋತೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆಯುತ್ತಾ 20ಕ್ಕೂ ಹೆಚ್ಚು ಜನ ಸತ್ತ ಸುದ್ದಿ ಫೋನಿನಲ್ಲಿ ಹರಿದಾಡಿದಾಗ ಎರಡು ವಾರ ಮಾಸ್ಕ್, ಕನ್ನಡಕ, ಕೈಗವಸು ಚೆನ್ನಾಗಿ ಹೋದವು. ಮೂರನೇ ವಾರ ಕೇಳುವವರಿಲ್ಲ. ಆ ವಿಡಿಯೋಗಳು ಹೆದರಿಸಿದವು, ನಾಳೆ ಬೆಳಗ್ಗೆ ಹೊಲದಲ್ಲಿ ಏನು ಮಾಡಬೇಕೆಂದು ಒಂದೂ ಹೇಳಲಿಲ್ಲ. ಕಂಪನಿಯವರು ಪುಕ್ಕಟೆ ಹಂಚಿದ ಕಿಟ್ಟು ಫೋಟೋ ತೆಗೆಸಿಕೊಂಡ ದಿನ ಬಿಚ್ಚಿದ್ದು, ಮತ್ತೆ ಬಿಚ್ಚಿಲ್ಲ. ಬಿಸಿಲಿನಲ್ಲಿ ರಬ್ಬರ್ ಅಂಗಿ ಹಾಕಿ ಅರ್ಧ ಎಕರೆ ಹೊಡೆದು ನೋಡಿದೆ, ನನಗೂ ಆಗಲಿಲ್ಲ.

ಆಗ ಊರವರಿಗೆ ಮೊದಲೇ ಗೊತ್ತಿರುವುದನ್ನು ಹಿಡಿದುಕೊಂಡೆ. ‘ಗಾಳಿಯ ದಿಕ್ಕು ನೋಡಿ ಸಿಂಪಡಿಸಿ’ ಎಂದರೆ ತಲೆ ಆಡಿಸಿ ಮರೆಯುತ್ತಾರೆ. ‘ರಾಶಿ ತೂರುವಾಗ ಹೊಟ್ಟು ಮೈಮೇಲೆ ಬೀಳೋ ಕಡೆ ನಿಲ್ತೀರೇನು?’ ಎಂದರೆ ಮುಗಿಯಿತು, ಯಾರಿಗೂ ಎರಡನೇ ಸಲ ಹೇಳಬೇಕಿಲ್ಲ. ಮುಂದಕ್ಕೆ ನಡೆಯುತ್ತಾ ಹೊಡೆದರೆ ಹೆಚ್ಚು ತೋಯುವುದು ತೊಡೆ, ಮೊಣಕಾಲು. ಅದಕ್ಕೆ ಮಳೆಗೆ ಹಾಕಿಕೊಳ್ಳುವ ಚೀಲದ ಕೊಪ್ಪೆ ಇದ್ದಂತೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸೊಂಟಕ್ಕೆ ಸುತ್ತಿಕೊಳ್ಳಿ ಎಂದೆ. ಇದು ಹತ್ತಿತು. ಕಿಟ್ಟಿಗೆ ಇದು ಸಮವಲ್ಲ, ಬಲ್ಲೆ. ಆದರೆ ಮೊಳೆಗೆ ನೇತುಹಾಕಿದ ಕಿಟ್ಟಿಗಿಂತ ಸೊಂಟದಲ್ಲಿರುವ ಹಾಳೆ ವಾಸಿ. ಮೂಗಿಗೆ ಒದ್ದೆ ಟವೆಲ್ ಕಟ್ಟುವುದನ್ನು ಬಿಡಿಸುವುದು ಮಾತ್ರ ಇನ್ನೂ ಕಷ್ಟ. ಎಣ್ಣಿ ಹೀರಿದ ಟವೆಲ್ಲು ಮೂಗಿಗೇ ಅಂಟಿಕೊಂಡಿರುತ್ತದೆ ಎಂದರೆ ‘ತಂಪ್ ಇರತೈತಿ’ ಅನ್ನುತ್ತಾರೆ. ನಾಜಲ್ ಕಟ್ಟಿದರೆ ಬಾಯಿಂದ ಊದುತ್ತಿದ್ದ ಹುಡುಗರಿಗೆ ಹಳೇ ಹಲ್ಲುಜ್ಜುವ ಬ್ರಷ್ ಪಂಪಿಗೆ ಕಟ್ಟಿಕೊಟ್ಟೆ.

ಹೆಣ್ಣುಮಕ್ಕಳಿಗೆ ಮಾತು ಮುಟ್ಟಿಸುವುದೇ ನನಗೆ ದೊಡ್ಡ ಸಮಸ್ಯೆಯಾಗಿತ್ತು. ಕೊಡದಲ್ಲಿ ನೀರು ತಂದು ಟ್ಯಾಂಕು ತುಂಬುವವರು ಅವರು, ಎಣ್ಣಿ ಹತ್ತಿದ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕುವವರು ಅವರು, ಮರುದಿನ ಅದೇ ಹೊಲಕ್ಕೆ ಕಳೆ ತೆಗೆಯಲು ಹೋಗುವವರೂ ಅವರೇ. ನನ್ನ ಅಂಗಡಿಗೆ ಬರುವುದಿಲ್ಲ, ರೈತ ಸಂಪರ್ಕ ಕೇಂದ್ರದ ಸಭೆಗೆ ಬಂದರೂ ಹಿಂದೆ ಕೂತು ಹೋಗುತ್ತಾರೆ. ನನ್ನ ಹೆಂಡತಿಯೇ ದಾರಿ ತೋರಿಸಿದಳು, ‘ಡೇರಿಗೆ ಹೋಗ್ರಿ, ಹಾಲು ಹಾಕಾಕ ಪಾಳಿ ಹಚ್ಚಿ ನಿಂತಿರತಾರ.’ ಬೆಳಗ್ಗೆ ಸಂಜೆ ಹತ್ತು ನಿಮಿಷ, ಕೈಯಲ್ಲಿ ಕ್ಯಾನು, ಬೇರೆ ಕೆಲಸವಿಲ್ಲ. ಅಲ್ಲಿ ಮಾತಾಡಿದ್ದು ಅವಳೇ, ನಾನಲ್ಲ. ಎಣ್ಣಿ ಬಟ್ಟೆ ಬೇರೆ ಬುಟ್ಟಿಗೆ, ಬೇರೆ ನೀರಿಗೆ. ಹೊಡೆದ ಹೊಲದ ಮೂಲೆಗೆ ಕೆಂಪು ಅರಿವೆ ಕಟ್ಟಬೇಕು, ಅರಿವೆ ಬಿಚ್ಚುವತನಕ ಕಳೆಗೆ ಇಳಿಯಬಾರದು. ಬೆವರು, ಜೊಲ್ಲು, ಕಣ್ಣು ಮಂಜಾದರೆ ಪಿತ್ತ ಅಲ್ಲ: ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆದು, 108ಕ್ಕೆ ಫೋನ್ ಮಾಡಿ, ಬಾಟ್ಲಿ ಕೈಯಲ್ಲಿ ಹಿಡಿದು ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಕೆಂಪು ಅರಿವೆ ಎರಡೇ ಹಂಗಾಮಿನಲ್ಲಿ ಮೂರು ಊರಿಗೆ ಹಬ್ಬಿತು. ಅರಿವೆ ಇದ್ದ ಹೊಲಕ್ಕೆ ಕೂಲಿ ಹೆಣ್ಣುಮಕ್ಕಳೇ ‘ಒಲ್ಲೆವು’ ಅಂದರೆ ಮಾಲೀಕ ಏನು ಮಾಡಿಯಾನು?

ವಾಟ್ಸಾಪ್ ಬಿಟ್ಟಿಲ್ಲ, ಆದರೆ ಅಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಬ್ಯಾಡಗಿ ಮೆಣಸಿನಕಾಯಿಗೆ ಕಪ್ಪು ಥ್ರಿಪ್ಸ್ ಎಂಬ ಸಣ್ಣ ಕೀಟ ಬಿದ್ದ ವರ್ಷ, 2021ರ ಕೊನೆಗೆ, ಎರಡು ಆಡಿಯೋ ಮಾಡಿ ಬಿಟ್ಟೆ. ಮೊದಲನೆಯದರಲ್ಲಿ ಯಾವ ಬೆಳೆಗೆ, ಹೊಡೆದ ಎಷ್ಟು ದಿನಕ್ಕೆ ಕೊಯ್ಯಬೇಕು, ಏನು ಎಚ್ಚರ. ಎರಡನೆಯದರಲ್ಲಿ ಔಷಧ, ಪ್ರಮಾಣ. ಓಡಿದ್ದು ಎರಡನೆಯದು ಮಾತ್ರ. ದೂರದ ಊರಿನವನೊಬ್ಬ ಅದನ್ನು ಕೇಳಿ ಮೆಂತ್ಯ ಸೊಪ್ಪಿಗೆ ಹೊಡೆದು ಮೂರನೇ ದಿನ ಸಂತೆಗೆ ಒಯ್ದನಂತೆ. ‘ನಿಮ್ಮ ದನೀನ ಐತಲ್ರಿ’ ಎಂದು ನನಗೇ ಕೇಳಿಸಿದ! ಅಲ್ಲಿಂದ ಒಂದೇ ಆಡಿಯೋ, ಒಂದು ನಿಮಿಷದೊಳಗೆ. ಮೊದಲ ಮಾತು ತಾರೀಖು ಮತ್ತು ಬೆಳೆ, ಪ್ರಮಾಣ ಮತ್ತು ಎಚ್ಚರ ಒಂದೇ ವಾಕ್ಯದಲ್ಲಿ ಹೆಣೆದಿರಬೇಕು, ಬೇರೆ ಬೇರೆ ಮಾಡಲು ಬರಬಾರದು.

ಇಷ್ಟೆಲ್ಲ ಮಾಡಿ ನಾನೇ ಮಾರುತ್ತೇನಲ್ಲ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಕಳೆನಾಶಕ ಪ್ಯಾರಾಕ್ವಾಟ್ ಇಡುವುದನ್ನು ಬಿಟ್ಟೆ, ಅದಕ್ಕೆ ಪ್ರತಿವಿಷವೇ ಇಲ್ಲ. ಗಿರಾಕಿ ಕಡಿಮೆಯಾದರು, ಅದೂ ನಿಜ.

ಆಸ್ಪತ್ರೆಗೆ ಹೋಗಿ ಬಂದಾಕೆ ಈಗಲೂ ಕೂಲಿಗೆ ಹೋಗುತ್ತಾಳೆ. ಕೆಲಸಕ್ಕೆ ಕರೆದವರ ಹತ್ತಿರ ಮೊದಲು ಚೀಟಿ ಇಸಿದುಕೊಂಡು ಬುತ್ತಿಗಂಟಿನಲ್ಲಿ ಇಟ್ಟುಕೊಳ್ಳುತ್ತಾಳಂತೆ. ಓದು ಬರಹ ಗೊತ್ತಿಲ್ಲ. ಯಾರೋ ನಕ್ಕಿದ್ದಕ್ಕೆ, ‘ನನಗ ಬರದಿದ್ರ ಏನಾತು, ಡಾಕ್ಟರಿಗೆ ಓದಾಕ ಬರತೈತಿಲ್ಲೋ’ ಎಂದಳಂತೆ.

ನನಗಿನ್ನೂ ದಾರಿ ಸಿಗದಿರುವುದು ಕೈಗಡದ ಎಣ್ಣಿಗೆ. ಉಳಿದದ್ದನ್ನು ‘ಎರಡ್ ಟ್ಯಾಂಕಿಗೆ ಕೊಡು ಮಾರಾಯಾ’ ಎಂದು ಕ್ವಾರ್ಟರ್ ಬಾಟ್ಲಿಗೆ, ನೀರಿನ ಬಾಟ್ಲಿಗೆ ಸುರಿದುಕೊಂಡು ಹೋಗುತ್ತಾರೆ. ಆ ಬಾಟ್ಲಿಗೆ ಹೆಸರಿಲ್ಲ, ಬಣ್ಣವಿಲ್ಲ, ಚೀಟಿಯಿಲ್ಲ. ಮೊನ್ನೆ ಸಂತೆಯ ದಿನ ಹುಡುಗನೊಬ್ಬ ತಂಪುಪಾನೀಯದ ಬಾಟ್ಲಿಯ ತಳದಲ್ಲಿ ನಾಲ್ಕು ಬೆರಳು ಕಂದು ದ್ರವ ತಂದು ಗಲ್ಲೆ ಮೇಲಿಟ್ಟ. ‘ಇಂಥಾದ್ದ ಇನ್ನೊಂದು ಕೊಡ್ರಿ ಅಣ್ಣಾರ, ಚಲೋ ಕೆಲಸ ಮಾಡೈತಿ. ಮೂಸಿ ನೋಡ್ರಿ, ಗೊತ್ತಾಗತೈತಿ’ ಎಂದು ಮುಚ್ಚಳಕ್ಕೆ ಕೈ ಹಾಕಿದ. ತೆಗೆಯಬೇಡ ಎಂದೆ. ಯಾರು ಕೊಟ್ಟರೋ ಅವರ ಮನೆಗೆ ಹೋಗಿ ಮೂಲ ಬಾಟ್ಲಿಯ ಫೋಟೋ ಹೊಡೆದುಕೊಂಡು ಬಾ, ಇದನ್ನು ಇಲ್ಲೇ ಬಿಟ್ಟು ಹೋಗು ಎಂದೆ. ಬಾಟ್ಲಿ ಬಿಡಲಿಲ್ಲ, ಅಂಗಿ ಜೇಬಿಗೆ ತುರುಕಿಕೊಂಡು ಬೈಕು ಹತ್ತಿದ. ಅಂಗಡಿ ಮುಚ್ಚುವವರೆಗೂ ನೋಡಿದೆ, ಬರಲಿಲ್ಲ.