ಸರ್ವರಲ್ಲಿ ಉಬುಂಟು (ಲಿನಕ್ಸ್ ಓಎಸ್) 20.04ರಿಂದ 22.04ಕ್ಕೆ ಹೋದ್ಮೇಲೆ ಸೈಟಲ್ಲಿ 502 ಎರರ್ ಬಂತಾ? ನಂಗೂ ಬಂದಿತ್ತು

20.04ಕ್ಕೆ ಮಾಮೂಲಿ ಸಪೋರ್ಟು 2025ರ ಮೇ ತಿಂಗಳಿಗೇ ಮುಗೀತಲ್ಲ, ಇವತ್ತು ನಾಳೆ ಅಂತ ತಳ್ಳಿ ತಳ್ಳಿ ಕೊನೆಗೆ ಒಂದು ರಾತ್ರಿ ಕೂತೆ. ಮೊದ್ಲು ಇಡೀ ಸರ್ವರ್ ಸ್ನ್ಯಾಪ್‌ಶಾಟ್ ತಗೊಂಡೆ, ಡೇಟಾಬೇಸ್ ಡಂಪ್ ಬೇರೆ ಮಷೀನಿಗೆ ಕಾಪಿ ಮಾಡ್ದೆ, ಆಮೇಲೆ ಅಪ್‌ಗ್ರೇಡ್ ಕಮಾಂಡ್ ಕೊಟ್ಟೆ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗಿ) ಮಾಡ್ತಿದ್ರೆ, ಕನೆಕ್ಷನ್ ಕಟ್ಟಾದ್ರೆ ಇರ್ಲಿ ಅಂತ ಅದು 1022 ಪೋರ್ಟಲ್ಲಿ ಇನ್ನೊಂದು ಬಾಗಿಲು ತೆಗ್ದಿಡುತ್ತೆ, ಫೈರ್‌ವಾಲಲ್ಲಿ ಆ ಪೋರ್ಟ್ ಬಿಟ್ಟಿಲ್ಲ ಅಂದ್ರೆ ಇದ್ದೂ ಇಲ್ಲದ ಹಾಗೆ.

ರೀಬೂಟ್ ಆಯ್ತು, ಸೈಟ್ ತೆಗೆದ್ರೆ 502 ಬ್ಯಾಡ್ ಗೇಟ್‌ವೇ. ಎದೆ ಧಸಕ್ ಅಂತು. ಸುಮ್ನೆ ಎರಡು ಸಲ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ ರೀಸ್ಟಾರ್ಟ್ ಮಾಡ್ದೆ (ಏನೂ ಆಗಲ್ಲ ಅಂತ ಗೊತ್ತಿದ್ರೂ ಕೈ ಕೇಳಲ್ಲ), ಆಮೇಲೆ ಎರರ್ ಲಾಗ್ ನೋಡಿದ್ರೆ ಪಿಎಚ್‌ಪಿ (ಸೈಟಿನ ಕೋಡ್ ಓಡಿಸೋದು) 7.4ರ ಸಾಕೆಟ್ ಫೈಲು, ಅಂದ್ರೆ ಎಂಜಿನ್‌ಎಕ್ಸ್ ಅದರ ಜೊತೆ ಮಾತಾಡೋ ಕೊಂಡಿ, ಇಲ್ಲ ಅಂತ ಒಂದೇ ಸಾಲು ಪುಟಗಟ್ಲೆ. 22.04ರಲ್ಲಿ ಬರೋದು ಪಿಎಚ್‌ಪಿ 8.1, ಹಳೇದನ್ನ ಅಪ್‌ಗ್ರೇಡೇ ತೆಗ್ದುಹಾಕಿತ್ತು, ನನ್ನ ಕಾನ್ಫಿಗ್‌ನ ಫಾಸ್ಟ್‌ಸಿಜಿಐ ಪಾಸ್ ಸಾಲು (ಪಿಎಚ್‌ಪಿ ಎಲ್ಲಿದೆ ಅಂತ ಎಂಜಿನ್‌ಎಕ್ಸ್‌ಗೆ ಹೇಳೋದು) ಮಾತ್ರ ಇನ್ನೂ ಹಳೇ ವಿಳಾಸಾನೇ ಹಿಡ್ಕೊಂಡು ಕೂತಿತ್ತು. 7.4 ಇದ್ದ ಕಡೆ 8.1 ಹಾಕಿ, ಎಂಜಿನ್‌ಎಕ್ಸ್ ಮೈನಸ್ ಟಿ ಕೊಟ್ಟು ಚೆಕ್ ಮಾಡಿ ರೀಲೋಡ್ ಮಾಡ್ದೆ.

502 ಹೋಯ್ತು, ಈಗ ಸೈಟ್ ನಡೆಸೋ ವರ್ಡ್‌ಪ್ರೆಸ್ಸು, ಪಿಎಚ್‌ಪಿಗೆ ಡೇಟಾಬೇಸ್ ಜೊತೆ ಮಾತಾಡಿಸೋ ಮೈಎಸ್‌ಕ್ಯೂಎಲ್ ಎಕ್ಸ್‌ಟೆನ್ಶನ್ ಇಲ್ಲ ಅಂತ ರಾಗ ತೆಗೀತು. ನಂದೇ ತಪ್ಪು, ಹಿಂದೆ 7.4 ಅಂತ ನಂಬರ್ ಸಮೇತ ಆ ಪ್ಯಾಕೇಜ್ ಹಾಕಿದ್ದೆ, ಹಾಗಾಗಿ 8.1ರದ್ದು ತಾನಾಗಿ ಬರ್ಲಿಲ್ಲ. ಅದನ್ನ ಇನ್‌ಸ್ಟಾಲ್ ಮಾಡಿ ಎಫ್‌ಪಿಎಂ (ಪಿಎಚ್‌ಪಿ ಓಡಿಸೋ ಸರ್ವಿಸ್) ರೀಸ್ಟಾರ್ಟ್ ಮಾಡಿದ್ಮೇಲೆ ಸೈಟ್ ಎದ್ದು ಕೂತ್ಕೊಳ್ತು. ಒಂದು ಓಬೀರಾಯನ ಕಾಲದ ಪ್ಲಗಿನ್ ಮಾತ್ರ 8.1ರಲ್ಲಿ ಓಡ್ಲಿಲ್ಲ, ಅದನ್ನ ಕಿತ್ತೇ ಹಾಕ್ದೆ.